ಪೋರ್ಟಿಕೋ ಮೇಲಿನ ಪ್ರೇಮಿ

ಟಾರ್ಚಿನವನ ಮುಖವೇ ಎಲ್ಲ ತೊಂದರೆಗೂ ಮೂಲ. ಹುಟ್ಟಿದಾಗಿನಿಂದ ಅದು ಬಸ್ಸು ತಪ್ಪಿಸಿಕೊಂಡವನ ಮುಖ. ಹೊಟ್ಟೆ ತುಂಬಿದ್ದರೂ ಹಸಿದವನಂತೆ, ನಕ್ಕರೂ ಹಲ್ಲುನೋವಿನವನಂತೆ ಕಾಣುತ್ತಿದ್ದ. ಒಂಬತ್ತು ವರ್ಷದಿಂದ ಥಿಯೇಟರಿನ ಕತ್ತಲಲ್ಲಿ ಜನರಿಗೆ ಸೀಟು ತೋರಿಸುವುದೇ ಅವನ ಕೆಲಸವಾದ್ದರಿಂದ ಆ ಮುಖವನ್ನು ಯಾರೂ ಸರಿಯಾಗಿ ಗಮನಿಸಿರಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಮ್ಯಾನೇಜರು ಅದನ್ನು ಹಗಲು ಬೆಳಕಿನಲ್ಲಿ ನೋಡಿಬಿಟ್ಟರು.

“ಅಲ್ಲೇ ನಿಲ್ಲು. ಅಲುಗಾಡಬೇಡ,” ಅಂದರು. “ಇದೇ ಮುಖ. ಇದೇ ಬೇಕಾಗಿತ್ತು ನನಗೆ.”

ಅವತ್ತು ಹೊಸ ಪ್ರೇಮಚಿತ್ರದ ಬಿಡುಗಡೆ. ಇದು ಐವತ್ತು ದಿನ ಓಡದಿದ್ದರೆ ಥಿಯೇಟರನ್ನು ಸೋಫಾ ಅಂಗಡಿಗೆ ಕೊಟ್ಟುಬಿಡುತ್ತೇನೆ ಎಂದು ಮಾಲೀಕರು ಹೇಳಿಯಾಗಿತ್ತು. ಬೀದಿಯ ಆ ತುದಿಯ ಥಿಯೇಟರಿನಲ್ಲೂ ಇದೇ ಚಿತ್ರ. ಅವರು ಬಲೂನು ಕಟ್ಟಿದ ಸೈಕಲ್ಲಿನ ಮೇಲೆ ಒಂದು ಜೋಡಿಯನ್ನು ಊರೆಲ್ಲ ಸುತ್ತಿಸುತ್ತಿದ್ದರು, ಜೋಡಿಯಾಗಿ ಬಂದವರಿಗೆಲ್ಲ ಗುಲಾಬಿ ಹಂಚುತ್ತಿದ್ದರು. ನಮ್ಮ ಮ್ಯಾನೇಜರ ತಲೆಯಲ್ಲಿ ರಾತ್ರಿಯಿಡೀ ಬೆಂದದ್ದು ಬೇರೆಯೇ.

“ಸಿನಿಮಾದಲ್ಲಿ ಹೀರೋ ಅವಳ ಮನೆ ಎದುರಿನ ಮಹಡಿ ಹತ್ತಿ ನಿಲ್ತಾನೆ. ಅವಳು ಬರೋವರೆಗೂ ಇಳಿಯಲ್ಲ. ನೀನೂ ನಮ್ಮ ಪೋರ್ಟಿಕೋ ಹತ್ತು. ಇದು ಪ್ರಚಾರ ಅಂತ ಒಬ್ಬರಿಗೂ ಬಾಯಿ ಬಿಡಬಾರದು. ಸಂಜೆ ಆರಕ್ಕೆ ಅವಳು ಬರ್ತಾಳೆ, ನೀನು ಇಳೀತೀಯ, ಜನ ಕಣ್ಣೊರೆಸಿಕೊಂಡು ಟಿಕೆಟ್ ತಗೋತಾರೆ.”

“ಅವಳು ಅಂದ್ರೆ ಯಾರು ಸಾರ್?”

“ಇನ್ಯಾರು, ನಮ್ಮ ಕೌಂಟರಿನವಳು. ಹೇಳಿದ್ದೀನಿ, ಒಪ್ಪಿದ್ದಾಳೆ.”

ಟಾರ್ಚಿನವನ ಎದೆ ಪ್ರೊಜೆಕ್ಟರಿನಂತೆ ಗಡಗಡ ಅಂದಿತು. ಟಿಕೆಟ್ ಕೌಂಟರಿನವಳ ಜೊತೆ ನಾಲ್ಕು ವರ್ಷದಲ್ಲಿ ಅವನು ಆಡಿದ ಮಾತು ಎರಡೇ. “ಬಾಲ್ಕನಿ ಎಷ್ಟು?” ಎಂದು ಇವನು ಕೇಳುತ್ತಿದ್ದ, ಅವಳು ಸಂಖ್ಯೆ ಹೇಳುತ್ತಿದ್ದಳು. ಅವಳು ಹರಿದು ಕೊಟ್ಟ ಟಿಕೆಟ್ಟಿನ ಅರ್ಧವನ್ನು ಬಾಗಿಲಲ್ಲಿ ಇವನು ಹರಿಯುತ್ತಿದ್ದ. ಇದೇ ತಮ್ಮಿಬ್ಬರ ನಂಟು ಎಂದು ಒಳಗೊಳಗೇ ಅಂದುಕೊಂಡಿದ್ದ. ಈಗ ಅವಳು ಇಡೀ ಬೀದಿಯ ಎದುರು ಇವನಿಗಾಗಿ ಬರುತ್ತಾಳೆ. ನಾಟಕವಾದರೇನು? ಅವಳು ಬಂದ ತಕ್ಷಣ ನಾಟಕದಲ್ಲಿಲ್ಲದ ಒಂದು ವಾಕ್ಯ ಸೇರಿಸುವುದು. “ನಿಜವಾಗಿಯೇ ಕೇಳ್ತಿದ್ದೀನಿ, ನನ್ನನ್ನ ಮದುವೆ ಆಗ್ತೀರಾ?” ಆಮೇಲೆ ಆಕಾಶ ಕಳಚಿ ಬೀಳಲಿ.

ಹತ್ತು ಗಂಟೆಗೆ ಅವನು ಪ್ರೊಜೆಕ್ಟರ್ ಕೋಣೆಯ ಕಿಟಕಿಯಿಂದ ಪೋರ್ಟಿಕೋ ಮೇಲಿಳಿದ. ಒಂದು ಪಕ್ಕ ನಾಯಕನ ಕಟೌಟು, ಇನ್ನೊಂದು ಪಕ್ಕ ನಾಯಕಿಯದು. ನಡುವೆ ಇವನು, ಕೈಯಲ್ಲಿ ಹಲಗೆ: ‘ನೀನು ಬರುವವರೆಗೂ ಇಳಿಯುವುದಿಲ್ಲ’.

ಮೊದಲು ಕಣ್ಣಿಗೆ ಬಿದ್ದದ್ದು ಎದುರಿನ ಸೆಲೂನಿನವನಿಗೆ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯ ಜೊತೆಗೇ ಹೊರಗೆ ಬಂದ.

“ಯಾರಿಗಯ್ಯಾ ಕಾಯ್ತಿದ್ದೀಯ?”

“ಅವಳಿಗೆ.”

“ಅವಳು ಬರಲ್ಲ ಬಿಡು. ಆ ಕೂದಲು ನೋಡಿದ್ರೆ ನಾನೇ ಬರಲ್ಲ. ಇಳಿದು ಬಾ, ನೆಟ್ಟಗೆ ಕತ್ತರಿಸ್ತೀನಿ, ಆಮೇಲೆ ಹತ್ತು.”

ಹನ್ನೊಂದರ ಹೊತ್ತಿಗೆ ಬೀದಿ ತುಂಬಿತು. ಮನೆಯಲ್ಲಿ ಹೆಂಡತಿಯ ಎದುರು ಕೆಮ್ಮಲು ಹೆದರುವವರೆಲ್ಲ ಇವನಿಗೆ ಪ್ರೀತಿಯ ಪಾಠ ಹೇಳತೊಡಗಿದರು. ಗಟ್ಟಿಯಾಗಿ ಅಳು ಅಂದ ಒಬ್ಬ. ಅತ್ತರೆ ಬೆಲೆ ಇರಲ್ಲ, ಮರೆತುಬಿಡು ಅಂದ ಇನ್ನೊಬ್ಬ. ಬಡವನೊಬ್ಬ ತಲೆ ಎತ್ತಿ ನಿಂತದ್ದು ಕಂಡರೆ ಸಾಕು, ಊರಿಗೆ ಊರೇ ಬುದ್ಧಿವಂತವಾಗುತ್ತದೆ. ಸಲಹೆಗೆ ಟಿಕೆಟ್ ಇಟ್ಟಿದ್ದರೆ ಬೆಳಗಿನ ಆಟವೇ ಹೌಸ್‌ಫುಲ್ ಆಗುತ್ತಿತ್ತು. ಇಡದ ಕಾರಣ ಒಳಗೆ ಕೂತವರು ಹನ್ನೊಂದು ಜನ.

ಕಿಟಕಿಯಿಂದ ಮ್ಯಾನೇಜರ ತಲೆ ಹೊರಬಂತು. “ಸ್ವಲ್ಪ ಕಡಿಮೆ ಮಾಡೋ,” ಎಂದು ಪಿಸುಗುಟ್ಟಿದರು. “ಸಿನಿಮಾಕ್ಕಿಂತ ನೀನೇ ಚೆನ್ನಾಗಿದ್ದೀಯ ಅಂತ ಎಲ್ಲರೂ ಹೊರಗೇ ನಿಂತಿದ್ದಾರೆ.”

“ನಾನೇನೂ ಮಾಡ್ತಿಲ್ಲ ಸಾರ್, ಸುಮ್ನೆ ನಿಂತಿದ್ದೀನಿ.”

“ಇನ್ನೂ ಸುಮ್ನೆ ನಿಲ್ಲು.”

ಆಗಲೇ ಗಾಳಿ ಎದ್ದಿತು. ನಾಯಕಿಯ ಕಟೌಟು ಕಟ್ಟು ಸಡಿಲಿಸಿಕೊಂಡು ರಸ್ತೆಯತ್ತ ವಾಲಿತು. ಟಾರ್ಚಿನವನು ಹಲಗೆ ಬಿಟ್ಟು ಎರಡೂ ಕೈಯಲ್ಲಿ ಅವಳ ಸೊಂಟ ಹಿಡಿದ. ಇಪ್ಪತ್ತಡಿಯ ನಾಯಕಿ, ಐದಡಿಯ ಇವನು. ತೆಂಗಿನ ಮರ ತಬ್ಬಿದ ಇರುವೆಯಂತೆ ಕಂಡ.

“ನೋಡ್ರಪ್ಪಾ,” ಅಂದ ಸೆಲೂನಿನವನು. “ಒಬ್ಬಳಿಗೆ ಕಾಯ್ತಾ ಇನ್ನೊಬ್ಬಳನ್ನ ತಬ್ಕೊಂಡಿದ್ದಾನೆ. ಅವಳು ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯ್ತು.”

ಕಟೌಟು ಕಟ್ಟಿ ಮುಗಿಸುವಷ್ಟರಲ್ಲಿ ಅಮ್ಮ ಬಂದಳು. ಯಾರೋ ಮನೆಗೆ ಹೋಗಿ, ನಿನ್ನ ಮಗ ಥಿಯೇಟರಿನ ಮೇಲಿಂದ ಹಾರುತ್ತಾನಂತೆ ಎಂದು ಹೇಳಿದ್ದರು.

“ಯಾರೋ ಅವಳು? ಹೆಸರು ಹೇಳು, ನಾನೇ ಹೋಗಿ ಕೇಳ್ತೀನಿ.”

“ಅಮ್ಮಾ, ನೀನು ಮನೆಗೆ ಹೋಗು.”

“ಹೇಳ್ಬೇಡ ಬಿಡು. ನನಗೆ ಗೊತ್ತಿಲ್ವಾ?” ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ವಾರಕ್ಕೆರಡು ಸಲ ನೀನು ಆ ಹುಡುಗಿ ಕೂರೋ ಮೆಡಿಕಲ್ ಶಾಪಿಂದ ತಲೆನೋವಿನ ಮಾತ್ರೆ ತರ್ತಿದ್ದೆ. ಈ ವಯಸ್ಸಲ್ಲಿ ಯಾವ ತಲೆನೋವು?”

ಒಂದೇ ಹಾಡನ್ನು ದಿನಕ್ಕೆ ನಾಲ್ಕು ಆಟದಲ್ಲಿ ಕೇಳಿದರೆ ಯಾವ ವಯಸ್ಸಿನಲ್ಲಾದರೂ ತಲೆನೋವು ಬರುತ್ತದೆ ಎಂದು ಅವನು ಹೇಳುವ ಮೊದಲೇ ಅಮ್ಮ ಮೆಡಿಕಲ್ ಶಾಪಿನತ್ತ ಹೊರಟಾಗಿತ್ತು. ಐದೇ ನಿಮಿಷದಲ್ಲಿ ಮೆಡಿಕಲ್ ಶಾಪಿನ ಯಜಮಾನ ತೋಳು ಮಡಚುತ್ತ ಬಂದ.

“ಲೋ, ನನ್ನ ಮಗಳಿಗೆ ಮದುವೆಯಾಗಿ ಎರಡು ಮಕ್ಕಳಿವೆ. ಇಳಿಯೋ ಕೆಳಗೆ.”

“ನಾನು ಕಾಯ್ತಿರೋದು ನಿಮ್ಮ ಮಗಳಿಗಲ್ಲ ಯಜಮಾನರೇ.”

“ಯಾಕೆ, ನನ್ನ ಮಗಳಿಗೇನು ಕಡಿಮೆ?”

ಟಾರ್ಚಿನವನು ಹಲಗೆಯನ್ನು ಮುಖಕ್ಕೆ ಅಡ್ಡ ಹಿಡಿದ. ಯಜಮಾನ ನೇರ ಪೊಲೀಸ್ ಠಾಣೆಗೆ ಹೋದ. ಪೇದೆ ಬಂದು ಲಾಠಿ ತೋರಿಸಿ, ಇಳಿ ಅಂದ. ಇವನು ಇಳಿಯಲ್ಲ ಅಂದ. ಪೇದೆ ಮ್ಯಾನೇಜರ ಕೋಣೆಗೆ ಹೋಗಿ ಹತ್ತು ನಿಮಿಷ ಬಿಟ್ಟು ಹೊರಬಂದಾಗ ಅವನ ಜೇಬಿನಿಂದ ಬಾಲ್ಕನಿಯ ಎರಡು ಪಾಸು ಇಣುಕುತ್ತಿದ್ದವು.

“ನಿಲ್ಲಲಿ ಬಿಡ್ರೀ,” ಎಂದು ಅವನು ಜನರ ಕಡೆ ತಿರುಗಿದ. “ಪ್ರೀತಿ ಮಾಡೋದು ಯಾವ ಸೆಕ್ಷನ್ನಲ್ಲೂ ಬರಲ್ಲ.”

ಮಧ್ಯಾಹ್ನದ ಆಟವೂ ನೊಣ ಹೊಡೆಯಿತು. ಬಿಸಿಲಿಗೆ ಕಾಂಕ್ರೀಟು ಕಾದು ಟಾರ್ಚಿನವನು ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತಿದ್ದ. ನಾಲಿಗೆ ಒಣಗಿ ಚಕ್ಕೆಯಾಗಿತ್ತು. ಇಳಿದುಬಿಡೋಣ ಎಂದು ಮೂರು ಸಲ ಅನ್ನಿಸಿತು. ಮೂರು ಸಲವೂ ಕೌಂಟರಿನ ಪುಟ್ಟ ಕಿಂಡಿಯಿಂದ ಹೊರಬಂದ ಅವಳ ಕೈ ಕಂಡಿತು, ಮೂರು ಸಲವೂ ಹಲ್ಲು ಕಚ್ಚಿ ನಿಂತ. ಆರೂವರೆ ಗಂಟೆ ನಿಂತವನಿಗೆ ಇನ್ನೊಂದೂವರೆ ಗಂಟೆ ಯಾವ ಲೆಕ್ಕ?

ನಾಲ್ಕೂವರೆಗೆ ಮ್ಯಾನೇಜರು ಮೈಕು ಹಿಡಿದರು. “ಮಹಾಜನರೇ, ಆ ಹುಡುಗಿ ಇವತ್ತು ಸಂಜೆ ಆಟಕ್ಕೆ ಬರ್ತಾಳೆ. ಇಂಟರ್‌ವಲ್ಲಿನಲ್ಲಿ ಪರದೆ ಮುಂದೆ ಇಬ್ಬರೂ ಸೇರ್ತಾರೆ. ಟಿಕೆಟ್ ಇದ್ದವರಿಗೆ ಮಾತ್ರ ಆ ಭಾಗ್ಯ.”

ಅಷ್ಟೇ. ಬೀದಿಯಲ್ಲಿದ್ದ ಜನ ಅಣೆಕಟ್ಟು ಒಡೆದಂತೆ ಕೌಂಟರಿಗೆ ನುಗ್ಗಿದರು. ಸೆಲೂನಿನವನು ಅಂಗಡಿಗೆ ಬೀಗ ಜಡಿದ. ಮೆಡಿಕಲ್ ಶಾಪಿನ ಯಜಮಾನ ಮಗಳನ್ನೂ ಮೊಮ್ಮಕ್ಕಳನ್ನೂ ಕರೆತಂದ. ಅಮ್ಮನಿಗೆ ಪೇದೆಯೇ ಒಂದು ಪಾಸು ಕೊಟ್ಟು ಒಳಗೆ ಕೂರಿಸಿದ.

ಆರು ಗಂಟೆಯಾಯಿತು. ಟಾರ್ಚಿನವನು ಕೈಯಿಂದಲೇ ಕೂದಲು ಬಾಚಿ, ಗಂಟಲು ಸರಿ ಮಾಡಿಕೊಂಡು ಕೆಳಗೆ ನೋಡಿದ. ಕೌಂಟರಿನ ಮುಂದೆ ಸಾಲು ಹಾವಿನಂತೆ ಮೂಲೆ ತಿರುಗಿತ್ತು. ಆರೂಕಾಲು. ಅವಳ ಕೈ ಟಿಕೆಟ್ ಹರಿಯುತ್ತಲೇ ಇತ್ತು. ಆರೂವರೆ. ಇನ್ನೂ ಹರಿಯುತ್ತಿತ್ತು. ತನ್ನನ್ನು ನೋಡಲು ಬಂದ ಜನವೇ ಅವಳನ್ನು ಬರಗೊಡುತ್ತಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಆರೂ ಮುಕ್ಕಾಲಿಗೆ ಕಿಂಡಿ ಮುಚ್ಚಿತು. ‘ಹೌಸ್‌ಫುಲ್’ ಹಲಗೆ ತೂಗಿತು. ಬೀದಿ ಗುಡಿಸಿದಂತೆ ಖಾಲಿ. ಅವಳು ಬೀಗದ ಕೈ ಹಿಡಿದು ಹೊರಬಂದು, ಕತ್ತೆತ್ತಿ ನೋಡಿದಳು. ನೋಡಲು ಒಂದು ನಾಯಿಯೂ ಇರಲಿಲ್ಲ. ಆದರೂ ಅವನು ಹೇಳಿಯೇಬಿಟ್ಟ.

“ನಿಜವಾಗಿಯೇ ಕೇಳ್ತಿದ್ದೀನಿ, ನನ್ನನ್ನ ಮದುವೆ ಆಗ್ತೀರಾ?”

“ಅಬ್ಬಾ, ಕೇಳಿದ್ರಲ್ಲ,” ಅಂದಳು ಅವಳು. “ನಾಲ್ಕು ವರ್ಷದಿಂದ ಬಾಲ್ಕನಿ ಎಷ್ಟು ಅಂತ ಕೇಳಿ ಕೇಳಿ ಸಾಯಿಸಿದ್ರಿ. ಆಗ್ತೀನಿ.”

ಅವನು ಎದ್ದೆನೋ ಬಿದ್ದೆನೋ ಎಂದು ಕಿಟಕಿಯತ್ತ ಓಡಿದ.

“ಇಳೀಬೇಡಿ,” ಅಂದಳು.

“ಯಾಕೆ?”

“ಇಳಿದ್ರೆ ಕತೆ ಮುಗೀತು. ನಾಳೆ ಯಾರು ಬರ್ತಾರೆ ನೋಡೋಕೆ? ಥಿಯೇಟರ್ ಸೋಫಾ ಅಂಗಡಿ ಆದ್ರೆ ಇಬ್ಬರೂ ಎಲ್ಲಿ ಸಂಸಾರ ಮಾಡೋದು, ಸೋಫಾ ಮೇಲಾ? ಇವತ್ತು ನಾನು ಬರಲ್ಲ ಅಂತ ಮ್ಯಾನೇಜರಿಗೆ ನಾನೇ ಹೇಳಿದ್ದೀನಿ.”

ಅವಳು ಬಾಗಿಲ ಹಿಂದಿನಿಂದ ಹೊಸ ಹಲಗೆ ತಂದು ಕಂಬಕ್ಕೆ ತೂಗುಹಾಕಿದಳು. ಅವಳದೇ ದುಂಡು ಅಕ್ಷರ: ‘ಇವತ್ತು ಅವಳು ಬರಲಿಲ್ಲ. ನಾಳೆ ನೋಡಿ.’

ಇಂಟರ್‌ವಲ್ಲಿಗೆ ಹೊರಬಂದ ಜನ ಅದನ್ನು ಓದಿ, ಸಿಟ್ಟಿಗೇಳುವ ಬದಲು ಕಣ್ಣೊರೆಸಿಕೊಂಡು ನಾಳೆಯ ಟಿಕೆಟ್ಟಿಗೆ ಸಾಲು ನಿಂತರು. ಅಮ್ಮ ಸೆರಗಿನಲ್ಲಿ ಮೂಗೊರೆಸುತ್ತ ಮೇಲೆ ನೋಡಿದಳು.

“ಆ ಸಿನಿಮಾ ಹುಡುಗ ಒಂದು ಹಾಡು ಮುಗಿಯೋದ್ರಲ್ಲಿ ಮೂರು ವರ್ಷ ಕಾದ ಕಣೋ. ನೀನು ಒಂದು ದಿನಕ್ಕೇ ಮುಖ ಹೀಗೆ ಮಾಡ್ಕೊಂಡಿದ್ದೀಯ. ನೆಟ್ಟಗೆ ನಿಲ್ಲು.”

ಟಾರ್ಚಿನವನು ನೆಟ್ಟಗೆ ನಿಂತ. ಸಾಲು ಕರಗಿದ ಮೇಲೆ ಬಗ್ಗಿ, ಮೆಲ್ಲಗೆ ಕೇಳಿದ.

“ಐವತ್ತನೇ ದಿನ ಖಂಡಿತ ಬರ್ತೀರಾ?”

ಕಿಂಡಿಯಿಂದ ಅವಳ ಮುಖ ಅರ್ಧ ಕಂಡಿತು. ಮುಗಿದುಹೋದ ನಾಳೆಯ ಟಿಕೆಟ್ ಪುಸ್ತಕ ಮಡಚುತ್ತ ಹೇಳಿದಳು:

“ಸಿನಿಮಾ ಹೀಗೇ ಓಡಿದ್ರೆ ಬರಲ್ಲ.”