ಹತ್ತಲು ಒಂದು ಕಲ್ಲು

ದೇವರು ಕೊಟ್ಟ ಸಣ್ಣಪುಟ್ಟ ಕರುಣೆಗಳನ್ನು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ನಲ್ಲಿಯಲ್ಲಿ ನೀರು ಬಂತು, ಎರಡು. ಪಕ್ಕದ ಮನೆಯ ಕೋಳಿ ರಂಗೋಲಿ ಕೆದರಲು ಇನ್ನೂ ಬಂದಿಲ್ಲ, ಮೂರು. ದೊಡ್ಡ ಕರುಣೆ ಕೇಳುವುದಕ್ಕೆ ನನಗೆ ಮೊದಲಿಂದಲೂ ಸಂಕೋಚ. ಕೇಳಿದ್ದು ಒಂದೇ ಸಲ. ಕೇಳುವ ಭರದಲ್ಲಿ ಬಾಯಿಜಾರಿ ಒಂದು ಮಾತೂ ಕೊಟ್ಟುಬಿಟ್ಟೆ. ಆ ಮಾತಿನಿಂದಾಗಿ ಐವತ್ತೊಂದನೇ ವಯಸ್ಸಿನಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೈಕಲ್ಲು ಹತ್ತಬೇಕಾಯಿತು.

ಹೋದ ವರ್ಷ ಮಗಳಿಗೆ ಡೆಂಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಮಂಚದ ಪಕ್ಕ ಕೂತು ಮನೆದೇವರು ಪಟ್ಟಲದಮ್ಮನಿಗೆ ಹೇಳಿದೆ: "ತಾಯೀ, ಇವಳನ್ನ ಎಬ್ಬಿಸಿ ಕೂರಿಸು. ಯಾರ ಹಂಗೂ ಇಲ್ಲದೆ ನಾನೊಬ್ಬಳೇ ಬಂದು ಮೀಸಲು ತಂಬಿಟ್ಟು ಒಪ್ಪಿಸ್ತೀನಿ." ಮನಸ್ಸಿನಲ್ಲೇ ಅಂದುಕೊಂಡೆ ಅಂತ ನನ್ನ ನಂಬಿಕೆ. ನನ್ನ ಮನಸ್ಸಿನ ಮಾತು ಪಕ್ಕದ ವಾರ್ಡಿಗೂ ಕೇಳುತ್ತದೆ ಅಂತ ಮಗಳ ದೂರು, ಅದು ಬೇರೆ ವಿಷಯ. ತಂಬಿಟ್ಟು ಒಪ್ಪಿಸ್ತೀನಿ ಅಂದಿದ್ದರೆ ಸಾಕಾಗಿತ್ತು. ಹಂಗಿನ ಮಾತು ಯಾಕೆ ಬಂತೋ! ಆ ವಾರವೆಲ್ಲ ಆಟೋದವನಿಗೆ, ನರ್ಸಮ್ಮನಿಗೆ, ನಾದಿನಿಗೆ ಕೈಮುಗಿದೂ ಮುಗಿದೂ ಸಾಕಾಗಿತ್ತು ಅಂತ ಕಾಣುತ್ತದೆ. ಅಮ್ಮ ತನ್ನ ಕೆಲಸ ಮಾಡಿ ಮುಗಿಸಿದಳು. ಮಗಳು ಈಗ ಕಾಲೇಜಿಗೆ ಹೋಗಿ ಬಂದು ನನಗೇ ಬುದ್ಧಿ ಹೇಳುವಷ್ಟು ಚೆನ್ನಾಗಿದ್ದಾಳೆ. ಬಾಕಿ ಉಳಿದದ್ದು ನನ್ನ ಮಾತು.

ದೇವಸ್ಥಾನ ನಮ್ಮೂರಿಂದ ನಾಲ್ಕು ಮೈಲಿ, ವಿರೂಪಾಕ್ಷಿಪುರದ ಕಡೆಗೆ, ನಾಲೆ ಏರಿಯ ಕೊನೆಯಲ್ಲಿ. ಬಸ್ಸಿಲ್ಲ. ಪ್ರತಿ ವರ್ಷ ನಮ್ಮ ಮನೆಯವರ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಅವರು ಬಿಡದಿಯ ಫ್ಯಾಕ್ಟರಿಗೆ ಹೆದ್ದಾರಿಯಲ್ಲೇ ಓಡಾಡಿ ಅಭ್ಯಾಸವಾದವರು. ಯಾರೂ ಇಲ್ಲದ ನಾಲೆ ಏರಿಯಲ್ಲೂ ಎದುರಿಗೆ ದುಂಬಿ ಬಂದರೆ ಹಾರನ್ ಹೊಡೆಯುತ್ತಾರೆ. ಇಪ್ಪತ್ತೈದು ವರ್ಷ ಆ ದಾರಿಯಲ್ಲಿ ಹೋಗಿ ನಾನು ನೋಡಿದ್ದು ಅವರ ಅಂಗಿಯ ಬೆನ್ನು ಮಾತ್ರ. ಈ ಸಲ ಅವರ ಬೈಕು ಹತ್ತಿದರೆ ಅದೂ ಒಂದು ಹಂಗೇ ತಾನೆ? ನಡೆದು ಹೋಗೋಣ ಅಂದರೆ ಮಂಡಿನೋವು. ಡಾಕ್ಟರು, "ಜಾಸ್ತಿ ನಡೀಬೇಡಿ, ಸೈಕಲ್ ತುಳೀರಿ" ಅಂದರು. ಅವರು ಹೇಳಿದ್ದು ಆಸ್ಪತ್ರೆಯ ಮೂಲೆಯಲ್ಲಿ ನಿಂತಲ್ಲೇ ನಿಂತಿರುವ ಸೈಕಲ್ಲಿನ ವಿಷಯ. ನನಗೆ ಮಾತ್ರ ಅಮ್ಮನೇ ಅವರ ಬಾಯಲ್ಲಿ ಹೇಳಿಸಿದ ಹಾಗೆ ಕೇಳಿಸಿತು.

ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಬಂದ ಸೈಕಲ್ಲು ಕೊಟ್ಟಿಗೆಯಲ್ಲಿತ್ತು. ಮುಂದೆ ಬುಟ್ಟಿ, ಅದರೊಳಗೆ ಒಂದು ಕೋಳಿ. ಕೋಳಿಯನ್ನು ಎಬ್ಬಿಸಿ ಹತ್ತಲು ಹೋದರೆ ಸೀಟು ನನ್ನ ಸೊಂಟಕ್ಕಿಂತ ಮೇಲಿದೆ! ಮಗಳು ಅಪ್ಪನ ಹಾಗೆ ಉದ್ದ, ನಾನು ಅಮ್ಮನ ಹಾಗೆ ಗಿಡ್ಡ. ಸೀಟಿನ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಸೈಕಲ್ ಶಾಪಿನವನು, "ತಿರುಗಿಸಿದ್ರೆ ಮುರ್ದೋಯ್ತದೆ ಕಣಕ್ಕ" ಅಂದ. ಅದಕ್ಕೆ ಚಿಕ್ಕಂದಿನ ಉಪಾಯವನ್ನೇ ಹೂಡಿದೆ. ಬಾಡಿಗೆ ಸೈಕಲ್ಲನ್ನು ಜಗುಲಿಯ ಪಕ್ಕ ನಿಲ್ಲಿಸಿ ಹತ್ತುತ್ತಿದ್ದೆವಲ್ಲ, ಹಾಗೆ. ಇಳಿಯುವುದಕ್ಕೆ ವಿದ್ಯೆ ಬೇಡ, ಒಂದು ಕಡೆ ವಾಲಿದರೆ ಭೂಮಿತಾಯಿ ಕರೆದುಕೊಳ್ಳುತ್ತಾಳೆ. ಹತ್ತುವುದಕ್ಕೆ ಮಾತ್ರ ಒಂದು ಕಲ್ಲು ಬೇಕು. ನಮ್ಮ ರಾಮನಗರದ ಸೀಮೆಯಲ್ಲಿ ಬಂಡೆಗೇನು ಬರವೇ? ಕತ್ತೆತ್ತಿ ನೋಡುವಂಥ ಬಂಡೆ ಬೇಕಾದಷ್ಟಿವೆ. ಎರಡು ಅಡಿ ಕಲ್ಲು ಬೇಕಾದ ಜಾಗದಲ್ಲಿ ಬೇಕು ಅಂದರೆ ಇಡೀ ಜಿಲ್ಲೆಯಲ್ಲಿ ಇಲ್ಲ. ಮನೆಯವರು ಡ್ಯೂಟಿಗೆ ಹೋದ ಮೇಲೆ ಕಣದಲ್ಲಿ ಒಂದು ತಿಂಗಳು ಗುಟ್ಟಾಗಿ ತುಳಿದು ಕಲಿತೆ. ದಾರಿಯನ್ನೂ ಲೆಕ್ಕ ಹಾಕಿಟ್ಟೆ: ನಮ್ಮ ಜಗುಲಿ, ಅರಳಿಕಟ್ಟೆ, ಮೋರಿಯ ಕಟ್ಟೆ, ಕೊನೆಗೆ ದೇವಸ್ಥಾನದ ಮೆಟ್ಟಿಲು.

ಕಾರ್ತಿಕದ ಶುಕ್ರವಾರ. ತಲೆಗೆ ನೀರು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟು ಮಾಡುತ್ತಿದ್ದೆ. ಮೀಸಲು ಅಂದರೆ ಹಾಗೆ: ಉಸಿರು ತಾಗಬಾರದು, ರುಚಿ ನೋಡಬಾರದು, ನೆಲ ಮುಟ್ಟಿಸಬಾರದು. ಹೊರಗೆ ಹಿತ್ತಿಲಲ್ಲಿ ಪುಸ್, ಪುಸ್ ಅಂತ ಸದ್ದು. ಡ್ಯೂಟಿಗೆ ಹೊರಟಿದ್ದ ಮನೆಯವರು, ಡಾಕ್ಟರು ಬಿ.ಪಿ.ಗೆ ಹೇಳಿದ್ದ ಪ್ರಾಣಾಯಾಮವನ್ನು ಕೊನೆಗೂ ಶುರು ಮಾಡಿದರಲ್ಲ ಅಂತ ಕಣ್ಣು ತುಂಬಿ ಬಂತು. ಆ ದಿನದ ಮೊದಲ ಕರುಣೆ. ಅವರು ಹೋದ ಮೇಲೆ ಸೈಕಲ್ಲು ಮುಟ್ಟಿ ನೋಡಿದರೆ ಹಿಂದಿನ ದಿನ ಮೆತ್ತಗಿದ್ದ ಟೈರು ಕಲ್ಲಿನ ಹಾಗಿತ್ತು. ರಾತ್ರಿಯ ಚಳಿಗೆ ಬಿಗಿದುಕೊಂಡಿದೆ ಅಂದುಕೊಂಡೆ. ಎರಡನೆಯ ಕರುಣೆ.

ತಂಬಿಟ್ಟಿನ ಪುಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿ ಸೈಕಲ್ ಬುಟ್ಟಿಯಲ್ಲಿಟ್ಟು ಜಗುಲಿಯಿಂದ ಹೊರಟೆ. ನಾಲೆ ಏರಿಗೆ ಬಂದ ಮೇಲೆ ನೋಡಿ, ಒಂದು ಗಾಡಿಯಿಲ್ಲ, ಒಂದು ನರಪಿಳ್ಳೆಯಿಲ್ಲ. ನೀರು ನನ್ನ ಪಕ್ಕದಲ್ಲೇ ನನ್ನಷ್ಟೇ ನಿಧಾನವಾಗಿ ಬರುತ್ತಿತ್ತು. ನಾನು ತುಳಿಯುವುದು ನಿಲ್ಲಿಸಿದರೆ ಅದು ಒಂದು ಹೆಜ್ಜೆ ಮುಂದೆ, ತುಳಿದರೆ ನಾನು ಮುಂದೆ, ಗೆಳತಿಯರ ಹಾಗೆ. ರಾಗಿ ತೆನೆಯ ಮೇಲೆ ಇಬ್ಬನಿ. ಹಿಪ್ಪುನೇರಳೆ ತೋಟದ ಹಸಿ ವಾಸನೆ. ದೂರದ ಬೆಟ್ಟಗಳು ಮಂಜು ಹೊದ್ದು, ಎದ್ದೂ ಏಳದ ಮಕ್ಕಳ ಹಾಗೆ ಮಲಗಿದ್ದವು. ಚಕ್ರ ಮಣ್ಣಿನ ಮೇಲೆ ಸರಸರ ಅನ್ನುವುದು ಬಿಟ್ಟರೆ ಸದ್ದೇ ಇಲ್ಲ. ಒಲೆ, ಕುಕ್ಕರು, ಗ್ಯಾಸು, ಮಂಡಿನೋವು ಎಲ್ಲ ಯಾರದೋ ಮನೆಯ ಸಮಾಚಾರದಂತೆ ಹಿಂದಕ್ಕೆ ಹೋದವು. ದೇವಸ್ಥಾನ ಇನ್ನೊಂದು ನಾಲ್ಕು ಮೈಲಿ ದೂರ ಹೋದರೂ ಚೆನ್ನಾಗಿರುತ್ತಿತ್ತು ಅನ್ನಿಸಿತು. ದೇವರ ಮುಂದೆ ಹೇಳಬಾರದ ಮಾತು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಆ ಮೈಮರೆವಿನಲ್ಲಿ ತಿರುವು ದಾಟಿದರೆ ಏರಿಯ ತುಂಬ ಕುರಿಮಂದೆ. ಬೆಲ್ ಹೊಡೆದೆ. ಹತ್ತಿರದಲ್ಲಿದ್ದ ಕುರಿ ನನ್ನನ್ನು ನೋಡಿ ಕೆಮ್ಮಿತು, ಅಷ್ಟೆ. ವಾಲಿದೆ. ಸೈಕಲ್ಲು ಒಂದು ಕಡೆ ಬಿತ್ತು, ನಾನು ಇನ್ನೊಂದು ಕಡೆ ನಿಂತೆ, ಕೈಯಲ್ಲಿ ಹೇಗೋ ತಂಬಿಟ್ಟಿನ ಪುಟ್ಟಿ ಉಳಿದಿತ್ತು! ಸಂತೋಷ ಪಡುವಷ್ಟರಲ್ಲಿ ಅರ್ಥವಾಯಿತು. ಪುಟ್ಟಿ ನೆಲಕ್ಕಿಡುವ ಹಾಗಿಲ್ಲ. ಪುಟ್ಟಿ ಹಿಡಿದುಕೊಂಡು ಸೈಕಲ್ ಎತ್ತುವ ಹಾಗಿಲ್ಲ. ಎತ್ತಿದರೂ ಮೋರಿ ಹಿಂದೆ ಎಲ್ಲೋ ಹೋಯಿತು, ಹತ್ತಲು ಕಲ್ಲಿಲ್ಲ. ಪೂಜಾರಪ್ಪ ಹನ್ನೊಂದಕ್ಕೆ ಬಾಗಿಲಿಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ಇವತ್ತಿನ ಮೀಸಲು ನಾಳೆಗೆ ನಡೆಯುವುದಿಲ್ಲ. ಜೊತೆಗೆ ಬೆಲ್ಲದ ವಾಸನೆ ಹಿಡಿದ ಒಂದು ಟಗರು ಮೂತಿ ಎತ್ತಿಕೊಂಡು ಬಂತು. ಅದು ಮೂತಿ ಹಾಕಿದರೆ ಎಂಜಲು, ಹರಕೆ ಕೆಟ್ಟ ಹಾಗೆಯೇ. ಪುಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, "ತಾಯೀ, ತಾಯೀ" ಅಂತ ನಿಂತೆ.

ಕಂಬಳಿ ಹೊದ್ದ ಹೆಂಗಸೊಬ್ಬಳು ಕೋಲು ಬೀಸಿಕೊಂಡು ಬಂದಳು. ನನ್ನದೇ ವಯಸ್ಸು.

"ಯಾಕಕ್ಕಾ, ಕರಗ ಹೊತ್ತಂಗೆ ನಿಂತ್ಕಂಡಿದ್ದೀರಿ? ಹೇಯ್, ಹಿಂದುಕ್ ಬಾರೋ ಹೊಟ್ಟೆಬಾಕ!" ಅದು ಟಗರಿಗೆ.

"ಮೀಸಲು ತಂಬಿಟ್ಟು ಕಣಮ್ಮಾ. ಕೆಳಗಿಡೋ ಹಾಗಿಲ್ಲ."

"ಮೀಸಲಾ? ಹಂಗಾರೆ ನಾನ್ ಮುಟ್ಟಾಕಿಲ್ಲ. ಬೆಳಗ್ಗೆ ಕರ್ಮೀನ್ ಸಾರ್ ಉಂಡಿವ್ನಿ. ಸೈಕಲ್ ಎತ್ಕೊಡ್ತೀನಿ, ಬುಡಿ."

"ಬೇಡ ಬೇಡ! ಯಾರ ಹಂಗೂ ಇಲ್ಲದೆ ಬರ್ತೀನಿ ಅಂತ ಹರಕೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಕೆಡವಿದ್ದು ಯಾರು? ನನ್ ಕುರಿ. ಎತ್ತಬೇಕಾದ್ದು ನಾನು. ಇದು ಹಂಗಲ್ಲ ಕಣಕ್ಕೋ, ದಂಡ!"

ಸೈಕಲ್ಲು ಎದ್ದಿತು. ನಾನು ಅತ್ತಿತ್ತ ಕಲ್ಲು ಹುಡುಕತೊಡಗಿದೆ. ವಿಷಯ ತಿಳಿದು ಅವಳು ಕಂಬಳಿ ಜಾರುವಷ್ಟು ನಕ್ಕಳು. "ನೀವ್ ಯಾಕ್ ಮ್ಯಾಕ್ ಹತ್ತೀರಿ? ಸೈಕಲ್ನೇ ಕೆಳಕ್ ಇಳುಸ್ದ್ರಾಯ್ತು!" ಅಂದವಳೇ ಟ್ರ್ಯಾಕ್ಟರ್ ಚಕ್ರ ಕೊರೆದಿದ್ದ ಆಳವಾದ ಜಾಡಿಗೆ ಸೈಕಲ್ಲು ಇಳಿಸಿ ಹಿಡಿದು ನಿಂತಳು. ನಾನು ಮೇಲಿನ ಅಂಚಿನಲ್ಲಿ ನಿಂತೆ. ಸೀಟು ನನಗೆ ಮಣೆಯ ಎತ್ತರಕ್ಕೆ ಬಂದಿತ್ತು. ಪುಟ್ಟಿ ಬುಟ್ಟಿಯಲ್ಲಿಟ್ಟೆ, ಕೂತೆ, ತುಳಿದೆ. ಜಾಡು ಮೆಲ್ಲಗೆ ಮೇಲೆದ್ದು ದಾರಿಗೆ ಸೇರಿತು. ಒಂದು ತಿಂಗಳು ಕಟ್ಟೆ, ಕಲ್ಲು ಅಂತ ಎಣಿಸಿದ ನನ್ನ ತಲೆಗೆ, ನಮ್ಮ ದಾರಿಗಳಲ್ಲಿ ಹೆಜ್ಜೆಗೊಂದರಂತೆ ಹಳ್ಳ ಇರುವುದು ಹೊಳೆದೇ ಇರಲಿಲ್ಲ.

ಪೂಜಾರಪ್ಪ ಬೀಗ ಕೈಗೆತ್ತಿಕೊಂಡಿದ್ದರು. ತಂಬಿಟ್ಟು ಒಪ್ಪಿಸಿ ಕೈಮುಗಿದು, "ಯಾರ ಹಂಗೂ ಇಲ್ಲದೆ ಬಂದೆ ತಾಯೀ" ಅಂದೆ, ಸ್ವಲ್ಪ ಜಂಬದಿಂದಲೇ. ಅಮ್ಮನ ಬಲಗಡೆಯಿಂದ ಒಂದು ಹೂ ಜಾರಿತು. ಬರುವಾಗ ಕುರಿಯವಳಿಗೆ ಪ್ರಸಾದ ಕೊಟ್ಟರೆ, "ಇದೂ ದಂಡವಾ ಅಕ್ಕಾ?" ಅಂದಳು. ಅರ್ಧ ಮುರಿದು ಟಗರಿಗೂ ಹಾಕಿದಳು.

ಸಂಜೆ ಮನೆಯವರು ಡ್ಯೂಟಿಯಿಂದ ಬಂದು ಬೂಟು ಬಿಚ್ಚುತ್ತಾ ಕೇಳಿದರು: "ಹಿಂದಿನ್ ಟೈರು ಗಾಳಿ ತಡ್ಕತಾ? ಒಸಿ ಹಳೇದು ಅದು."

ಕೊಡಲು ಹೋದ ನೀರಿನ ಲೋಟವನ್ನು ಹಿಂದಕ್ಕೆ ಎಳೆದುಕೊಂಡೆ. "ನಿಮಗ್ಯಾರು ಹೇಳಿದ್ದು?"

"ತಿಂಗಳಿಂದ ಮೊಣಕಾಲಿಗೆ ಅರಿಶಿನ ಮೆತ್ಕಂಡ್ ಓಡಾಡ್ತಿದ್ದೀಯ, ನಂಗೇನ್ ಕಣ್ಣಿಲ್ವಾ? ಬೆಳಿಗ್ಗೆ ಪಂಪ್ ಹೊಡ್ದು ಹೊಡ್ದು ತೋಳೇ ಬಿದ್ದೋಯ್ತು."

"ಹೇಳಬಾರದಿತ್ತಾ?"

"ಆಸ್ಪತ್ರೇಲಿ ಮಂಚದ್ ಆಚೆ ಕಡೆ ನಾನೇ ತಾನೆ ಕೂತಿದ್ದು. ಹೇಳಿದ್ರೆ ನನ್ ಹಂಗಾಯ್ತಿತ್ತಲ್ಲ."

ಅಮ್ಮ ಆ ಹೂ ಕೊಟ್ಟದ್ದು ಮೆಚ್ಚಿಯೋ, ನಗು ತಡೆಯಲಾರದೆಯೋ, ನನಗಿನ್ನೂ ಗೊತ್ತಾಗಿಲ್ಲ. ಮರುದಿನ ಬಾಗಿಲಿಗೆ ನೀರು ಹಾಕುತ್ತಾ ಎಣಿಕೆ ತಿದ್ದಿಕೊಂಡೆ. ಟೈರು ಬಿಗಿದದ್ದು ಚಳಿಯ ಕರುಣೆಯಲ್ಲ. ಪ್ರಾಣಾಯಾಮವೂ ಶುರುವಾಗಿಲ್ಲ. ಬಿ.ಪಿ. ಹಾಗೇ ಇದೆ. ಅದಕ್ಕೆ ಬೇರೆ ಹರಕೆ ಹೊರಬೇಕು. ಈ ಸಲ ತಂಬಿಟ್ಟಿನ ಮಾತು ಮಾತ್ರ ಆಡುತ್ತೇನೆ, ಅದೂ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.