ಹಿಂಬದಿ ತೂಕವಿಲ್ಲದ ಟ್ರಾಕ್ಟರನ್ನು ನಮಗೆ ದಯಪಾಲಿಸಿದ ಮಾರಾಟ ಮುಖ್ಯಸ್ಥರಿಗೆ

ಮಾನ್ಯರೇ,

ತಮ್ಮ ಟೈ ಸುಕ್ಕುಗಟ್ಟದಿರಲಿ, ತಮ್ಮ ಮಳಿಗೆಯ ತಂಪು ಯಂತ್ರ ಕೆಡದಿರಲಿ, ಗಿರಾಕಿ ಬಾಗಿಲು ದಾಟುವ ಮೊದಲೇ ತಮ್ಮ ಮುಖದಲ್ಲಿ ಅರಳುವ ಆ ನಗು ಎಂದೂ ಬಾಡದಿರಲಿ ಎಂಬ ಹಾರೈಕೆಗಳೊಂದಿಗೆ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮ್ಮ ಕೀರ್ತಿಯನ್ನು ಲಕೋಟೆಯೊಳಗೆ ಅಂಟಿಸಿ ಮುಚ್ಚಿಡುವಷ್ಟು ಸ್ವಾರ್ಥಿ ನಾನಲ್ಲ.

ಹೆಸರು ಹೇಳಿದರೆ ತಮಗೆ ನನ್ನ ಗುರುತು ಸಿಗಲಾರದು. ನಾವು ಮೊದಲ ಸಲ ಮಳಿಗೆಗೆ ಬಂದ ದಿನ ತಾವು ನನ್ನನ್ನು ನೋಡಿಯೇ ಇಲ್ಲವಾದ್ದರಿಂದ ಮರೆತ ಅಪವಾದವನ್ನೂ ತಮ್ಮ ಮೇಲೆ ಹೊರಿಸುವಂತಿಲ್ಲ. ಗಡಿಯಾರ ರಿಪೇರಿ ಮಾಡುವ ತೆಳ್ಳಗಿನ ಮನುಷ್ಯರೊಬ್ಬರು ತಮ್ಮೆದುರು ಕೂತಿದ್ದರಲ್ಲ, ಅವರ ಪಕ್ಕದ ಕುರ್ಚಿಯಲ್ಲಿ ಅಳತೆ ಪಟ್ಟಿ ಹಿಡಿದು ಕೂತಿದ್ದ ದಪ್ಪಗಿನ ಹೆಂಗಸು ನಾನು. ನಿವೃತ್ತಳಾಗುವವರೆಗೆ ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದೆ. ನನ್ನ ಗಂಡನಾದರೋ ಸೈಕಲ್ಲನ್ನು ಕೂಡ ತಳ್ಳಿಕೊಂಡೇ ಹೋಗುವ ಸಾಧು ಪ್ರಾಣಿ. ಅಂಥವರಿಗೆ ಕ್ಲಚ್ಚಿನ ಮಹಿಮೆಯನ್ನೂ ಗೇರಿನ ಗುಟ್ಟನ್ನೂ ತಾವು ಕೈಯಾಡಿಸಿ ವಿವರಿಸುವಾಗ ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದ್ದು ಕಲಿತ ಸಂತೋಷದಿಂದಲ್ಲ, ಏನೂ ಅರ್ಥವಾಗದ ಸಂಕೋಚದಿಂದ ಎಂದು ಈಗಲಾದರೂ ತಿಳಿಸುವುದು ನನ್ನ ಕರ್ತವ್ಯ.

ನಾವು ಕೇಳಿಕೊಂಡು ಬಂದದ್ದು ತೀರಾ ಸಣ್ಣ ವಿಷಯ. ನಮ್ಮ ಮನೆ ಇಳಿಜಾರಿನ ಮೇಲಿದೆ. ಹಿಂದುಗಡೆ ಸೊಂಟದೆತ್ತರ ಹುಲ್ಲು, ಮಧ್ಯೆ ಕೆಲವು ಹಣ್ಣಿನ ಮರ. ಮುಂದುಗಡೆ ಗೇಟಿನಿಂದ ಬಾಗಿಲವರೆಗೆ ಪ್ರತಿ ಮಳೆಗೂ ಕೊಚ್ಚಿಕೊಂಡು ಹೋಗುವ ಜಲ್ಲಿಯ ದಾರಿ. ಹುಲ್ಲು ಕತ್ತರಿಸಲು, ದಾರಿ ಮಟ್ಟ ಮಾಡಲು, ಸೌದೆ, ಗೊಬ್ಬರ ಸಾಗಿಸಲು ಒಂದು ಪುಟ್ಟ ಟ್ರಾಕ್ಟರ್ ಬೇಕಿತ್ತು. ಗೇಟು ಎಷ್ಟು ಅಗಲ, ಶೆಡ್ಡಿನ ಬಾಗಿಲು ಎಷ್ಟು ಎತ್ತರ, ಇಳಿಜಾರು ಎಷ್ಟು ಕಡಿದು ಎಂದು ನಾನು ಹೇಳಲು ಹೊರಟಾಗ ತಾವು ನನ್ನ ಗಂಡನ ಕಡೆ ಬಾಗಿ, "ಸರ್, ಮೇಡಂಗೆ ಯಾವ ಬಣ್ಣ ಇಷ್ಟ ಅಂತ ಆಮೇಲೆ ಕೇಳೋಣ, ಮೊದ್ಲು ನಾವು ಮಾತಾಡಿ ಮುಗಿಸೋಣ" ಎಂದಿರಿ. ಎಂಥ ಶಿಸ್ತು! ಬಸ್ಸಿನಲ್ಲಿ ಕೂಡ ಹೆಂಗಸರನ್ನು ಇಷ್ಟು ಹಿಂದಿನ ಸೀಟಿಗೆ ಯಾರೂ ಕಳಿಸಿದ್ದಿಲ್ಲ.

ಆಮೇಲಿನದು ಕಣ್ಕಟ್ಟು. ಮಳಿಗೆಯೊಳಗೆ ಬರುವಾಗ ಗಡಿಯಾರದಂಗಡಿಯವರಾಗಿದ್ದ ನನ್ನ ಗಂಡ ಒಂದು ಲೋಟ ತಣ್ಣೀರು ಮುಗಿಸುವಷ್ಟರಲ್ಲಿ ದೊಡ್ಡ ಜಮೀನ್ದಾರರಾಗಿದ್ದರು. "ನಿಮ್ಮಂಥವ್ರಿಗೆ ಚಿಕ್ಕ ಇಂಜಿನ್ ತೋರ್ಸಿದ್ರೆ ನನಗೇ ನಾಚಿಕೆ ಸರ್" ಎಂದು ತಾವು ಹೇಳಿದ ಮೇಲೆ ಇನ್ನು ಚಿಕ್ಕದನ್ನು ಕೇಳುವ ಧೈರ್ಯ ಯಾರಿಗಿರುತ್ತದೆ? ಮುಂದೆ ಮಣ್ಣೆತ್ತುವ ದೊಡ್ಡ ಬಕೆಟ್ಟು ಬಂತು. ನೆಡಲು ಒಂದು ಕಂಬವೂ ಇಲ್ಲದ ನಮಗೆ ಕಂಬದ ಗುಂಡಿ ತೋಡುವ ಯಂತ್ರ ಬಂತು. ಉಳಲು ಹೊಲವಿಲ್ಲದ ನಮಗೆ ರೋಟವೇಟರ್ ಬಂತು. ಉತ್ತ ಕೆಸರಿನಲ್ಲಿ ನುಗ್ಗಲೆಂದು ಮಾಡಿದ, ಬೆರಳುದ್ದ ಹಲ್ಲಿನ ಟಯರುಗಳೂ ಬಂದವು. ಬಾರದೆ ಉಳಿದದ್ದು ಒಂದೇ. ಮುಂದಿನ ಬಕೆಟ್ಟಿನಲ್ಲಿ ಭಾರ ಎತ್ತಿದಾಗ ಹಿಂಭಾಗ ಹಗುರಾಗಿ ಏಳದಂತೆ ಹಿಂದೆ ಕಟ್ಟಬೇಕಾದ ತೂಕ. "ಮುಂದೆ ಇಷ್ಟು ಭಾರ ಎತ್ತಿದ್ರೆ ಹಿಂದಕ್ಕೆ ಏನ್ರೀ ಗತಿ?" ಎಂದು ನಾನು ಕೇಳಿದ್ದೆ. ಅಂದು ತಾವು ನನ್ನೊಡನೆ ನೇರವಾಗಿ ಆಡಿದ ಮಾತು ಅದೊಂದೇ: "ಹಿಂದೆ ನೀವೇ ಕೂತ್ಕೊಂಡ್ರೆ ಆಯ್ತಲ್ಲ ಮೇಡಂ, ಬೇರೆ ತೂಕ ಯಾಕೆ?" ಪಕ್ಕದ ಮೇಜಿನವರೂ ನಕ್ಕರು. ನನ್ನ ಗಂಡ ಮಾತ್ರ ನಗಲಿಲ್ಲ. ಆದರೆ ಎದ್ದೂ ಬರಲಿಲ್ಲ; ಜಮೀನ್ದಾರಿಕೆ ಅಷ್ಟು ಬೇಗ ಮೈಯಿಂದ ಇಳಿಯುವಂಥದ್ದಲ್ಲ.

ಟ್ರಾಕ್ಟರ್ ಬಂದ ದಿನ ನಮ್ಮ ಗೇಟಿನ ಎಡಗಂಬ ಅದಕ್ಕೆ ಶಿರಬಾಗಿ ನಮಸ್ಕರಿಸಿತು. ಇನ್ನೂ ಹಾಗೇ ಬಾಗಿದೆ. ಶೆಡ್ಡಿನ ಬಾಗಿಲು ಮಾತ್ರ ಹಟಮಾರಿ. ಚಾಲಕನ ಬೆನ್ನ ಹಿಂದೆ ನಿಲ್ಲುವ ಉಕ್ಕಿನ ಕಮಾನು, ಗಾಡಿ ಮಗುಚಿದರೆ ತಲೆ ಕಾಯುವ ಕಮಾನು, ಅದರೊಳಗೆ ಹೋಗಲೊಲ್ಲದು. ತಮ್ಮ ಕಡೆಯವರು ಕೂಡಲೇ ಅದನ್ನು ಮಡಿಚಿ, "ಇದು ಸುಮ್ನೆ ಶೋಕಿಗೆ, ಹೀಗೇ ಇರ್ಲಿ ಬಿಡಿ" ಎಂದು ಅಪ್ಪಣೆ ಕೊಡಿಸಿದರು. ಅವರು ಹೋದ ಮೇಲೆ ನಾನು ಕಮಾನನ್ನು ಎತ್ತಿ ನಿಲ್ಲಿಸಿ ಬೋಲ್ಟ್ ಬಿಗಿದೆ. ಯಂತ್ರ ಶೆಡ್ಡಿನ ಹೊರಗೆ ತಾಡಪಾಲು ಹೊದ್ದು ಮಲಗಿತು. ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ನಮ್ಮ ಅತ್ತೆ, "ಇದು ಹುಲ್ಲು ಕೊಯ್ಯೋಕೆ ತಂದಿದ್ದೋ, ಯುದ್ಧಕ್ಕೆ ಹೋಗೋಕೋ?" ಎಂದು ಕೇಳಿದರು. ಮೊದಲ ದಿನವೇ ಉತ್ತರ ಸಿಕ್ಕಿತು. ಕತ್ತರಿಸಬೇಕಾದ ಹುಲ್ಲನ್ನು ಆ ಹಲ್ಲಿನ ಟಯರುಗಳು ಬೇರುಸಮೇತ ಕಿತ್ತೆಸೆದವು. ಮತ್ತೆ ಕತ್ತರಿಸುವ ತಾಪತ್ರಯವೇ ಇಲ್ಲದಂತೆ ಮಾಡಿಕೊಟ್ಟ ತಮ್ಮ ದೂರದೃಷ್ಟಿಗೆ ಏನೆನ್ನಲಿ!

ಇನ್ನು ಮುಂದಿನದನ್ನು ನಗಿಸುವಂತೆ ಬರೆಯಲು ನನಗೆ ಬರುವುದಿಲ್ಲ, ಕ್ಷಮೆಯಿರಲಿ.

ಮಳೆ ಬಿಟ್ಟ ಒಂದು ಬೆಳಿಗ್ಗೆ ದಾರಿಗೆ ಹಾಕಲು ಜಲ್ಲಿ ಬಂದು ಬಿದ್ದಿತ್ತು. ನಾನೇ ಓಡಿಸುತ್ತೇನೆಂದರೂ ನನ್ನ ಗಂಡ ಕೇಳಲಿಲ್ಲ. ಬೆಲ್ಟ್ ಕಟ್ಟಿಕೊಳ್ಳದೆ ಹತ್ತಕೂಡದು ಎಂದು ನಾನು ದಾರಿಗಡ್ಡ ನಿಂತ ಮೇಲೆ ಗೊಣಗುತ್ತಾ ಕಟ್ಟಿಕೊಂಡರು. ಒದ್ದೆ ಜಲ್ಲಿಯನ್ನು ಬಕೆಟ್ಟಿನ ತುಂಬ ತುಂಬಿ, ತಾವು ಕೊಟ್ಟ ಬಣ್ಣದ ಪುಸ್ತಕದಲ್ಲಿ ಹಲ್ಲು ಕಿರಿಯುವ ಆಸಾಮಿ ಎತ್ತಿ ಹಿಡಿದಂತೆಯೇ ತಲೆಗಿಂತ ಮೇಲಕ್ಕೆ ಎತ್ತಿಕೊಂಡು ಗಾಡಿಯನ್ನು ಇಳಿಜಾರಿಗೆ ತಿರುಗಿಸಿದರು. ಹಿಂದಿನ ಚಕ್ರ ನೆಲ ಬಿಟ್ಟದ್ದನ್ನು ಮೊದಲು ನೋಡಿದವರು ಬಟಾಣಿ ಬಿಡಿಸುತ್ತಿದ್ದ ಅತ್ತೆ. ಅವರ ಕೈಯಿಂದ ಮೊರ ಕೆಳಗೆ ಬಿತ್ತು. "ಬಕೆಟ್ ಇಳಿಸ್ರೀ! ಇಳಿಸ್ರೀ ಅದನ್ನ!" ಎಂದು ನಾನು ಕಿರುಚುತ್ತಾ ಓಡಿದೆ. ಅವರು ಬ್ರೇಕ್ ಒತ್ತಿದರು. ನೆಲಕ್ಕೇ ತಾಗದ ಚಕ್ರಕ್ಕೆ ಬ್ರೇಕ್ ಹಾಕಿ ಏನು ಫಲ? ಟ್ರಾಕ್ಟರ್ ಅವಸರವೇ ಇಲ್ಲದಂತೆ, ದನ ಮಗ್ಗುಲಾಗುವ ಹಾಗೆ, ನಿಧಾನವಾಗಿ ಪಕ್ಕಕ್ಕೆ ಮಲಗಿತು. ತಮ್ಮವರ ಪ್ರಕಾರ ಶೋಕಿಗೆ ಇದ್ದ ಆ ಕಮಾನು ಮಣ್ಣಿನಲ್ಲಿ ಹೂತು ನಿಂತದ್ದರಿಂದ ಗಾಡಿ ಪೂರ್ತಿ ಮಗುಚಲಿಲ್ಲ. ನನ್ನ ಗಂಡ ಬೆಲ್ಟಿನಲ್ಲಿ ನೇತಾಡುತ್ತಿದ್ದರು. ನಾನು ಇಂಜಿನ್ ಆರಿಸಿ, ಅವರನ್ನು ತಬ್ಬಿ ಹಿಡಿದು, ಬೆಲ್ಟ್ ಬಿಚ್ಚಿದೆ. ಗಾಡಿ ಮಗ್ಗುಲಾಗುವಾಗ ನೆಲಕ್ಕೆ ಊರಿದ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಕೂದಲಿಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ ಅದು. "ಕೈ ಹೋಯ್ತೇನೇ?" ಎಂದಷ್ಟೇ ಕೇಳಿದರು. ಹೋಗಿಲ್ಲ ಎಂದೆ. ನನಗೆ ಗೊತ್ತಿರಲಿಲ್ಲ.

ತಮ್ಮ ಮಳಿಗೆಗೆ ಫೋನ್ ಮಾಡಿದಾಗ ಬಂದ ಉತ್ತರವನ್ನು ಚಿನ್ನದ ಅಕ್ಷರದಲ್ಲಿ ಕೆತ್ತಿಸಬೇಕು. "ಸರ್ ಹತ್ರ ಕೊಡಿ, ಸರ್ ಜೊತೆ ಮಾತಾಡ್ತೀವಿ" ಎಂದರು. ಸರ್ ಆಸ್ಪತ್ರೆಯಲ್ಲಿದ್ದಾರೆ ಎಂದಾಗ, "ಹಿಂದಿನ ತೂಕ ಬೇರೆ ಐಟಂ ಮೇಡಂ, ನೀವು ಕೇಳ್ಬೇಕಿತ್ತು" ಎಂದರು.

ತಾವು ಖುದ್ದಾಗಿ ನಮ್ಮ ಮನೆಗೆ ದಯಮಾಡಿಸಿದ್ದು ಆ ಮೇಲೆ. ಇದು ಚಾಲಕರ ಅಜಾಗರೂಕತೆ ಎಂದು ಸಾಧಿಸಲು ಬಂದವರು ಕನ್ನಡಿಯಂಥ ಬೂಟು ತೊಟ್ಟು ಕೆಸರಿನ ಅಂಚಿನಲ್ಲೇ ನಿಂತಿರಿ. "ಸರಿಯಾಗಿ ಓಡ್ಸಿದ್ರೆ ಏನೂ ಆಗ್ತಿರ್ಲಿಲ್ಲ" ಎಂದಿರಿ. ಅಷ್ಟು ಹೊತ್ತಿಗೆ ಟ್ರಾಕ್ಟರನ್ನು ಎತ್ತಿ ನಿಲ್ಲಿಸಿದ್ದೆವು. ನಾನು ಕೀಲಿಕೈಯನ್ನು ತಮ್ಮ ಅಂಗೈಯಲ್ಲಿಟ್ಟು, ಬಕೆಟ್ ಖಾಲಿಯೇ ಇರಲಿ, ಮಟ್ಟಸ ಜಾಗದಲ್ಲೇ ಸಾಕು, ಒಂದು ಸುತ್ತು ಹೊಡೆದು ತೋರಿಸಿ ಎಂದು ಕೈಮುಗಿದೆ. ಬೇಲಿಯಾಚೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ತಾವು ಕೀಲಿಕೈಯನ್ನು ನೋಡಿದಿರಿ, ಟ್ರಾಕ್ಟರನ್ನು ನೋಡಿದಿರಿ, ಕೊನೆಗೆ, ಮೊದಲ ಬಾರಿಗೆ, ನನ್ನ ಮುಖವನ್ನು ನೋಡಿ ಪಿಸುಗುಟ್ಟಿದಿರಿ: "ನಂಗೆ ಓಡ್ಸೋಕೆ ಬರಲ್ಲ ಮೇಡಂ."

"ಹಂಗಾದ್ರೆ ಇಷ್ಟು ದಿನ ಏನು ಮಾರ್ತಿದ್ದೆಯಪ್ಪಾ?" ಎಂದು ಕಿವಿ ಚುರುಕಾದ ಅತ್ತೆ ಜಗಲಿಯಿಂದ ಕೇಳಿದ್ದಕ್ಕೆ ತಮ್ಮಿಂದ ಇಂದಿಗೂ ಉತ್ತರ ಬಂದಿಲ್ಲ. ವಯಸ್ಸಾದವರು, ಕಾಯುತ್ತಿದ್ದಾರೆ.

ಅಷ್ಟು ಜನರ ಎದುರು ಮುಖ ಕೆಂಪಾದ ಮೇಲೆ ತಾವು ಗಾಡಿ ಬದಲಿಸಿಕೊಡಲು ಒಪ್ಪಿದಿರಿ. ಈ ಸಲ ನಾನೊಬ್ಬಳೇ ಮಳಿಗೆಗೆ ಬಂದು, ಗಾಡಿಗಳ ನಡುವೆ ಬಗ್ಗಿ ಎದ್ದು ಅಳೆದು, ಗೇಟಿನಲ್ಲಿ ಆರಾಮಾಗಿ ಹಿಡಿಸುವ, ಇಳಿಜಾರಿಗೆ ತಕ್ಕಂತೆ ತಗ್ಗಾಗಿ ಕೂರುವ ಚಿಕ್ಕ ಗಾಡಿಯನ್ನು ಆರಿಸಿದೆ. ಹುಲ್ಲು ಕೀಳದ ಅಗಲ ಟಯರು, ಹೊಟ್ಟೆಯಡಿಗೆ ಹುಲ್ಲು ಕತ್ತರಿಸುವ ಅಲಗು, ದಾರಿ ಮಟ್ಟ ಮಾಡುವ ಹಲಗೆ, ಸಣ್ಣ ಬಕೆಟ್ಟು, ಹಿಂದೆ ತೂಕಕ್ಕೆಂದು ಕಾಂಕ್ರೀಟು ತುಂಬಿದ ಪೆಟ್ಟಿಗೆ. ಶೆಡ್ಡಿನ ಬಾಗಿಲನ್ನು ಎತ್ತರಿಸಿ ಕಟ್ಟಿಸಿದೆವು, ಕಮಾನು ಎದ್ದೇ ಒಳಗೆ ಹೋಗುತ್ತದೆ. ತಾವು ಆಗ ಕಂಬದ ಮರೆಯಲ್ಲಿ ನಿಂತು ಇನ್ನೊಬ್ಬ ಗಿರಾಕಿಯನ್ನು ಜಮೀನ್ದಾರರನ್ನಾಗಿ ಮಾಡುತ್ತಿದ್ದಿರಾದ್ದರಿಂದ ತೊಂದರೆ ಕೊಡಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳು. ತಮ್ಮ ದೊಡ್ಡ ಗಾಡಿಗಳನ್ನು ಕೊಂಡವರ ಮನೆಯ ಗುಡ್ಡಗಳಿಗೆ ಕೂಡಲೇ ಚಪ್ಪಟೆಯಾಗುವಂತೆಯೂ ಗೇಟುಗಳಿಗೆ ಹಿಗ್ಗುವಂತೆಯೂ ತಾವು ಆಜ್ಞೆ ಹೊರಡಿಸಬೇಕು. ಬಣ್ಣದ ಪುಸ್ತಕದ ನಗುಮುಖದ ಆಸಾಮಿಯನ್ನು ಒದ್ದೆ ಜಲ್ಲಿಯ ಸಮೇತ ನಮ್ಮ ಇಳಿಜಾರಿಗೆ ಕಳಿಸಿಕೊಡಬೇಕು. ಅವನು ಎಲ್ಲಿಯವರೆಗೆ ನಗುತ್ತಾನೆಂದು ನೋಡುವ ಆಸೆ. ಹಾಗೂ ಭೂಮಿಯ ಸೆಳೆತ ಗಿರಾಕಿ ಕೇಳಿದರೆ ಮಾತ್ರ ಸಿಗುವ ಬೇರೆ ಐಟಂ ಎಂದು ಶಾಲೆಯ ಪುಸ್ತಕಗಳಲ್ಲಿ ತಿದ್ದುಪಡಿ ತರಿಸಬೇಕು.

ಕೈ ಏನಾಯಿತೆಂದು ತಾವು ವಿಚಾರಿಸಿಲ್ಲ, ಆದರೂ ಹೇಳುತ್ತೇನೆ. ಪಟ್ಟಿ ಬಿಚ್ಚಿದ ಮೇಲೆ ಬಹಳ ಕಾಲ ಚಿಮಟ ನಡುಗುತ್ತಿತ್ತು. ಗೋಡೆ ಗಡಿಯಾರಗಳನ್ನು ಮಾತ್ರ ಮುಟ್ಟುತ್ತಿದ್ದರು, ಕೈಗಡಿಯಾರ ತಂದವರನ್ನು ವಾಪಸು ಕಳಿಸುತ್ತಿದ್ದರು. ಮೊನ್ನೆ ಹೆಂಗಸರ ಪುಟಾಣಿ ವಾಚೊಂದನ್ನು ಮಧ್ಯಾಹ್ನವಿಡೀ ಹಿಡಿದು ಕೂತು, ಮೂರು ಸಲ ತಿರುಪು ಬೀಳಿಸಿ, ಮೂರು ಸಲ ನೆಲದ ಮೇಲೆ ಹುಡುಕಿ, ಕೊನೆಗೆ ನಡೆಸಿಯೇಬಿಟ್ಟರು. ಎದ್ದು ಬಂದು ಅದನ್ನು ನನ್ನ ಕಿವಿಗೆ ಹಿಡಿದರು. ಟ್ರಾಕ್ಟರಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ನಿನ್ನೆ ಸಂಜೆ ನಾನು ಹುಲ್ಲು ಕತ್ತರಿಸಿ ನಿಲ್ಲಿಸಿದಾಗ ಹತ್ತಿರ ಬಂದು, ಅದರ ಸುತ್ತ ಒಮ್ಮೆ ನಡೆದು, ಸೀಟು ಹತ್ತಿ, ಬೆಲ್ಟನ್ನು ತಾವಾಗಿಯೇ ಕಟ್ಟಿಕೊಂಡರು. "ನಿಜ ಹೇಳ್ತೀನಿ, ಅವತ್ತು ಆ ಮನುಷ್ಯ ಹೇಳಿದ್ದು ಒಂದೂ ತಲೆಗೆ ಹೋಗಿರ್ಲಿಲ್ಲ" ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ, ಬಸ್ಸು ಓಡಿಸುವ ಹೆಂಡತಿಯನ್ನು ಅವರು ಎಂದೂ ಕೇಳದಿದ್ದ ಮಾತನ್ನು ಆಮೇಲೆ ಕೇಳಿದರು: "ಕ್ಲಚ್ ಯಾವ್ದು, ನೀನು ಹೇಳ್ಕೊಡೇ."

ನಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. ಕತ್ತಲಾಗುವವರೆಗೂ ಗಾಡಿ ಒಂದು ಮಾರೂ ಕದಲಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ.

ತಮ್ಮ ಮಾರಾಟ ಇದೇ ವೇಗದಲ್ಲಿ, ಇದೇ ಇಳಿಜಾರಿನಲ್ಲಿ ಸಾಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ತಾವು ನೋಡದಿದ್ದ ಗಿರಾಕಿ

ಮರೆತ ಮಾತು: ಹೊಸ ಟ್ರಾಕ್ಟರಿಗೆ ತಮ್ಮ ಹೆಸರಿಡೋಣವೆಂದು ಅತ್ತೆ ಸೂಚಿಸಿದ್ದರು. ಅದು ಕೆಲಸ ಮಾಡುವ ವಸ್ತುವಾದ್ದರಿಂದ ಹೊಂದಲಿಲ್ಲ. ಕೊನೆಗೆ ತರಕಾರಿ ಮಡಿಯಲ್ಲಿ ನಿಲ್ಲಿಸಿರುವ ಬೆರ್ಚಪ್ಪನಿಗೆ ಇಟ್ಟಿದ್ದೇವೆ. ಎರಡು ದಿನ ಹಕ್ಕಿಗಳು ನಂಬಿದವು.