ಲ್ಯಾಪ್‌ಟಾಪಿನ ಹಣೆ

೧೯೮೮ರಲ್ಲಿ, ಒಂಬತ್ತನೆಯ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಉಡುಪಿಯಲ್ಲಿ ಲಾರಿ ಕ್ಲೀನರ್ ಆಗಿ ಶುರುಮಾಡಿದವನು ಈಗ ಕೆನಡಾದ ಮಿಸಿಸಾಗದಲ್ಲಿ ಸ್ವಂತ ಟ್ರಕ್ಕು ಓಡಿಸುತ್ತೇನೆ; ಮಂಡಿಯುದ್ದ ಹಿಮ ಬಿದ್ದಾಗಲೂ ಲೋಡು ತಡಮಾಡಿದವನಲ್ಲ. ಟ್ರಕ್ಕಿನ ಒಂದು ಗುಣ ನನಗೆ ಬಹಳ ಇಷ್ಟ. ಕೀಲಿ ತಿರುಗಿಸಿದರೆ ಹೊರಡುತ್ತದೆ, ನೀನು ಯಾರು ಎಂದು ಕೇಳುವುದಿಲ್ಲ. ಲ್ಯಾಪ್‌ಟಾಪು ಕೇಳುತ್ತದೆ. ಪಾಸ್‌ವರ್ಡು ನನಗೆ ನೆನಪಿರುವುದಿಲ್ಲವೆಂದು ಮಗಳು ಅದಕ್ಕೊಂದು ಸೆಕ್ಯೂರಿಟಿ ಸಾಫ್ಟ್‌ವೇರ್ ಹಾಕಿ, "ಪಪ್ಪಾ, ಜಸ್ಟ್ ಶೋ ಯುವರ್ ಫೇಸ್" ಎಂದು ಹೇಳಿ ಹಾಸ್ಟೆಲಿಗೆ ಹೋದಳು. ಮುಖ ತೋರಿಸಿದರೆ ಸಾಕು ಎನ್ನುವಂಥ ಕೆಲಸ ಜನ್ಮದಲ್ಲಿ ಮೊದಲ ಸಲ ಸಿಕ್ಕಿತ್ತು.

ವಿಜಯದಶಮಿಯ ಬೆಳಿಗ್ಗೆ ಟೊಮೆಟೊ ಲೋಡಿನೊಂದಿಗೆ ಗಡಿ ದಾಟಿ ಅಮೆರಿಕದ ಬಫಲೋಗೆ ಹೋಗಬೇಕಿತ್ತು. ಹೊರಡುವ ಮೊದಲು ಲೋಡಿನ ವಿವರವನ್ನು ಲ್ಯಾಪ್‌ಟಾಪಿನಿಂದ ಕಸ್ಟಮ್ಸಿಗೆ ಕಳಿಸಬೇಕು, ಇಲ್ಲದಿದ್ದರೆ ಗಡಿಯಲ್ಲಿ ಬಿಡುವುದಿಲ್ಲ. ಮುಖ ತೋರಿಸಿದೆ. ಗುರುತು ಸಿಗಲಿಲ್ಲ ಎಂದಿತು. ಕನ್ನಡಕ ತೆಗೆದೆ, ಹಾಕಿದೆ, ತಲೆ ಬಾಚಿಕೊಂಡೆ, ಪಾಸ್‌ಪೋರ್ಟಿನ ಫೋಟೋದಲ್ಲಿರುವಂತೆ ಮುಖ ಬಿಗಿದುಕೊಂಡೆ. ಕೊನೆಗೆ, ಯಾರೋ ಅಪರಿಚಿತ ಒಳನುಗ್ಗಲು ನೋಡುತ್ತಿದ್ದಾನೆ ಎಂದು ಬರೆದು ಬೀಗ ಹಾಕಿಕೊಂಡಿತು. ನನ್ನ ದುಡ್ಡಿನಲ್ಲಿ ಕೊಂಡ ಯಂತ್ರ, ನನ್ನ ಅಡುಗೆಮನೆಯ ಮೇಜಿನ ಮೇಲೆ ಕುಳಿತುಕೊಂಡು, ನನ್ನನ್ನೇ ಕಳ್ಳ ಎಂದಿತು.

"ಎಂತ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ ಅದರ ಹತ್ರ ಜಗಳ?" ಎಂದು ಹೆಂಡತಿ ಸುಮತಿ ಚಹಾ ತಂದಿಟ್ಟಳು. "ಮಗಳಿಗೊಂದು ಫೋನ್ ಮಾಡಿ."

"ಅವಳು ಮಲಗಿರ್ತಾಳೆ. ನಂಗೆ ಗೊತ್ತಾಗದ್ದು ಎಂತ ಉಂಟು ಇದ್ರಲ್ಲಿ?"

ಗೊತ್ತಾಗದೆ, ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಹಿಂದಿ ಮಾತಾಡುವವನೊಬ್ಬ ಸಿಕ್ಕಿದ. ಕ್ಯಾಮೆರಾದ ಮೇಲೆ ಏನಾದರೂ ಅಂಟಿದೆಯೇ ಭಾಯಿಸಾಬ್ ಎಂದು ಮೊದಲೇ ಕೇಳಿದ. ನನಗೆ ಸಿಟ್ಟು ಬಂತು. ನನ್ನ ಟ್ರಕ್ಕಿನ ಗಾಜು ಬಂದು ನೋಡು, ಯಂತ್ರವನ್ನು ಕೊಳಕು ಇಟ್ಟುಕೊಳ್ಳುವವ ನಾನಲ್ಲ, ದೋಷ ನಿಮ್ಮ ಸಾಫ್ಟ್‌ವೇರಿನದು ಎಂದು ಬಂದಷ್ಟು ಹಿಂದಿಯಲ್ಲಿ ಭಾಷಣ ಮಾಡಿದೆ. ಪಾಪ, ಅವನು ಬೀಗ ತೆಗೆದುಕೊಟ್ಟು, ಆಫ್ ಮಾಡಿಸಿ, ಆನ್ ಮಾಡಿಸಿ, ಮತ್ತೆ ಮತ್ತೆ ಮುಖ ತೋರಿಸಲು ಹೇಳಿದ. ಹೊತ್ತು ಏರುತ್ತಲೇ ಇತ್ತು.

ಸುಮತಿ ಬಗ್ಗಿ ನೋಡಿದಳು. "ಇಲ್ಲಿ ಮೇಲೆ ಗಂಧದ ಬೊಟ್ಟು ಇಟ್ಟದ್ದು ಯಾರು?"

ನಾನೇ. ಹಿಂದಿನ ದಿನ ಆಯುಧಪೂಜೆಯಲ್ಲಿ ಟ್ರಕ್ಕಿಗೆ ಹಾರ ಹಾಕಿ, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ ಮುಗಿಸಿದ್ದೆ. ಲ್ಯಾಪ್‌ಟಾಪಿನ ಸರದಿ ಬಂದಾಗ ಬೊಟ್ಟು ಎಲ್ಲಿಡುವುದೆಂದು ತಿಳಿಯಲಿಲ್ಲ. ತೆರೆದು ನೋಡಿದರೆ ಮೇಲೆ ನಟ್ಟನಡುವೆ ಸಣ್ಣದೊಂದು ಕಪ್ಪು ಗುರುತು. ಇದಕ್ಕೆ ಹಣೆ ಅಂತಿದ್ದರೆ ಇದೇ ಎಂದುಕೊಂಡು ಭಕ್ತಿಯಿಂದ ಒತ್ತಿದ್ದೆ.

ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ತೆರೆದುಕೊಂಡಿತು. ಏನಾಗಿತ್ತು ಎಂದು ಫೋನಿನವ ಕೇಳಿದ. ಏನೋ ಒಂದು ಸುಳ್ಳು ಹೇಳಬಹುದಿತ್ತು, ಆದರೆ ಸುಮತಿ ಪಕ್ಕದಲ್ಲೇ ನಿಂತಿದ್ದಳು. "ಪೂಜಾ" ಎಂದೆ.

ಕೀಬೋರ್ಡಿನ ಮೇಲೂ ಮಾಡಿದ್ದೀರಾ ಎಂದು ಅವನು ವಿಚಾರಿಸಿದ. "ಕೀಬೋರ್ಡ್ ಪೆ ಭೀ?"

"ಸಿರ್ಫ್ ಎಂಟರ್ ಪೆ" ಎಂದೆ, ಅದೊಂದಕ್ಕೆ ಮಾತ್ರ.

ಬಫಲೋ ತಲುಪಿದಾಗ ಗೋಡೌನಿನವರು, ಲೋಡು ಇಳಿಸಲು ನಿನಗೆ ಕೊಟ್ಟ ಹೊತ್ತು ಮೀರಿತು ಎಂದು ಸಾಲಿನ ಕೊನೆಗೆ ಕಳಿಸಿದರು. ಯಾಕೆ ತಡ ಎಂದು ಕೇಳಿದ್ದಕ್ಕೆ ಟ್ರಾಫಿಕ್ ಎಂದೆ. ಅಲ್ಲಿ ಸುಮತಿ ಇರಲಿಲ್ಲ. ಸದ್ಯ ನನ್ನ ಲೆಕ್ಕದಲ್ಲಿರುವುದು ಇಷ್ಟು: ಟ್ರಕ್ಕು ಒಂದು, ಮನೆ ಒಂದು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ತಡವಾದ ಲೋಡು ಒಂದು.